ಸ್ಯಾನಿಟೈಸರ್ ಇತ್ತಲ್ಲ ಡಾಕ್ಟ್ರೇ, ಆದರೂ ವಾಂತಿಭೇದಿ ಯಾಕೆ?

ಕೊಟ್ಟೂರು ತೇರು ಮುಗಿದ ವಾರದಲ್ಲಿ ನನಗೆ ಬರುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ. ಹೋದ ವರ್ಷ ಕೊಟ್ಟ ಉತ್ತರವನ್ನೇ ಮತ್ತೆ ಕೊಡಬೇಕು ಅಂದರೆ ಬೇಜಾರಾಗುತ್ತದೆ. ಆದರೆ ಕಾಯಿಲೆ ಬಿದ್ದು ಮಲಗುತ್ತಿರುವವರು ನಮ್ಮ ಊರಿನವರೇ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ದಾವಣಗೆರೆಯಿಂದ ಕೊಟ್ಟೂರಿಗೆ ನಾವು 24 ಜನ ಪಾದಯಾತ್ರೆ ಹೊರಟಿದ್ದೆವು. ಮೊದಲ ರಾತ್ರಿ ಒಬ್ಬನಿಗೆ ವಾಂತಿ ಶುರುವಾಯಿತು. ಮರುದಿನ ರಾತ್ರಿ ಮೂವರಿಗೆ. ಊರಿಗೆ ಬಂದ ಮೇಲೆ ಇನ್ನೂ ಆರು ಜನರಿಗೆ. ಎಲ್ಲರ ಹತ್ತಿರ ಸ್ಯಾನಿಟೈಸರ್, ಫಿಲ್ಟರ್ ಬಾಟಲಿ ಇತ್ತು. ದಾರಿಯಲ್ಲಿ ಕೊಟ್ಟ ಚಿತ್ರಾನ್ನದಿಂದ ಅಂತ ಕೆಲವರು, ಬಿಸಿಲಿನಿಂದ ಅಂತ ಕೆಲವರು. ಯಾವುದು ನಿಜ?

ಎರಡೂ ಅಲ್ಲ. ನೀವೇ ಕೊಟ್ಟ ಲೆಕ್ಕ ನೋಡಿ. ಬಿಸಿಲು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕೆಟ್ಟ ಚಿತ್ರಾನ್ನವಾಗಿದ್ದರೆ ತಿಂದವರಿಗೆಲ್ಲ ಕೆಲವೇ ಗಂಟೆಗಳಲ್ಲಿ, ಹೆಚ್ಚುಕಡಿಮೆ ಒಟ್ಟಿಗೇ ವಾಂತಿ ಆಗಬೇಕಿತ್ತು. ನಿಮ್ಮಲ್ಲಿ ಮೊದಲು ಒಬ್ಬ, ಒಂದು ದಿನ ಬಿಟ್ಟು ಮೂವರು, ಆಮೇಲೆ ಆರು. ಇದು ಕೈಯಿಂದ ಕೈಗೆ ದಾಟಿದ ಕಾಯಿಲೆಯ ನಡೆ. ರಾತ್ರಿಯಿಡೀ ಒಲೆ ಮುಂದೆ ನಿಂತು ಊಟ ಹಾಕಿದವರ ಮೇಲೆ ಸುಮ್ನೆ ತಪ್ಪು ಹೊರಿಸಬೇಡಿ.

ಮಲ ಪರೀಕ್ಷೆ ಮಾಡಿಸಿಲ್ಲ, ನಿಜ. ಆದರೂ ನನ್ನ ಅನುಮಾನ ನೊರೊವೈರಸ್ ಮೇಲೆ. ಮೈಗೆ ಸೇರಿದ 12ರಿಂದ 48 ಗಂಟೆಯೊಳಗೆ ವಾಂತಿ, ಭೇದಿ ಶುರುವಾಗುತ್ತದೆ. ಒಂದರಿಂದ ಮೂರು ದಿನ ಇರುತ್ತದೆ. ನೂರಕ್ಕಿಂತ ಕಡಿಮೆ ವೈರಸ್ ಕಣ ಒಳಗೆ ಹೋದರೂ ಸಾಕು. ಗುಂಪಾಗಿ ನಡೆಯುವವರನ್ನು ಇದು ಎಲ್ಲ ಕಡೆ ಕಾಡುತ್ತದೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ 2022ರ ಏಪ್ರಿಲ್‌ನಿಂದ ಜೂನ್‌ವರೆಗೆ, ಬೆನ್ನಿಗೆ ಚೀಲ ಹಾಕಿಕೊಂಡು ನಡೆದವರು, ನದಿಯಲ್ಲಿ ರಾಫ್ಟಿಂಗ್ ಹೋದವರು ಸೇರಿ ಕಡಿಮೆಯೆಂದರೂ 222 ಜನ ಹೀಗೇ ಕಾಯಿಲೆ ಬಿದ್ದರು.

ಈಗ ಸ್ಯಾನಿಟೈಸರ್ ವಿಷಯ. ಕೋವಿಡ್ ಕಾಲದಿಂದ ಎಲ್ಲರಿಗೂ ಅದರ ಮೇಲೆ ಎಲ್ಲಿಲ್ಲದ ನಂಬಿಕೆ. ಕೋವಿಡ್ ವೈರಸ್‌ನ ಹೊರಗೆ ಕೊಬ್ಬಿನ ಪದರ ಇದೆ, ಆಲ್ಕೋಹಾಲ್ ಅದನ್ನು ಒಡೆಯುತ್ತದೆ. ನೊರೊವೈರಸ್‌ಗೆ ಆ ಪದರವೇ ಇಲ್ಲ. ಹಾಗಾಗಿ ಸ್ಯಾನಿಟೈಸರ್ ಇಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ, ನೀರು ಸುರಿದು ತೊಳೆದರೆ ವೈರಸ್ ಕೈಬಿಟ್ಟು ಹೋಗುತ್ತದೆ. ಫಿಲ್ಟರ್ ಬಾಟಲಿಯೂ ಅಷ್ಟೇ. ಸಾಮಾನ್ಯವಾಗಿ ಅದರ ರಂಧ್ರ 0.1 ಮೈಕ್ರಾನ್, ವೈರಸ್ ಅದರ ಮೂರನೇ ಒಂದು ಭಾಗದಷ್ಟು. ಸಲೀಸಾಗಿ ದಾಟುತ್ತದೆ. ನೀರನ್ನು ಒಂದು ನಿಮಿಷ ಕೊತಕೊತ ಕುದಿಸಿದರೆ ಸಾಯುತ್ತದೆ.

ಎರಡು ವರ್ಷದ ಹಿಂದೆ ಆ ದಾರಿಯ ಒಂದು ಪೆಂಡಾಲಿನ ಹತ್ತಿರ ಅರ್ಧ ಗಂಟೆ ನಿಂತು ನೋಡಿದ್ದೆ. ನೀಲಿ ಡ್ರಮ್ಮು, ಅದರ ಮುಚ್ಚಳದ ಮೇಲೆ ಒಂದೇ ಸ್ಟೀಲ್ ಚೊಂಬು. ಒಬ್ಬ ಹುಡುಗ ಬಯಲಿಗೆ ಹೋಗಿ ಬಂದ. ಚೊಂಬು ಮುಳುಗಿಸಿದ, ನಾಲ್ಕೂ ಬೆರಳು ನೀರಿನೊಳಗೆ. ಕುಡಿದು ಪಕ್ಕದ ಮಂಡಕ್ಕಿ ಚೀಲಕ್ಕೆ ಅದೇ ಕೈ ಹಾಕಿದ. ಅವನ ಹಿಂದೆಯೇ ಸಾಲಾಗಿ ಉಳಿದವರು. ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಒಬ್ಬನಿಗೆ ಕಾಯಿಲೆ ಇದ್ದರೆ ಇಡೀ ಗುಂಪಿಗೆ ಅಷ್ಟು ಸಾಕು.

ಹಾಗಾಗಿ ನಲ್ಲಿ ಇರುವ ಡ್ರಮ್ಮು ಇಡಿ. ಮಂಡಕ್ಕಿಯನ್ನು ಬಟ್ಟಲಲ್ಲಿ ತೆಗೆದು ಸುರಿದು ಕೊಡಿ. ಪ್ರತಿಯೊಬ್ಬರ ಜೇಬಿನಲ್ಲಿ ಸೋಪಿನ ತುಂಡು ಇರಲಿ. ವಾಂತಿಭೇದಿ ಆದವನು, ಅದು ನಿಂತು ಎರಡು ದಿನ ಆಗುವವರೆಗೆ ಅಡುಗೆ ಮುಟ್ಟಬಾರದು, ಬಡಿಸಬಾರದು. ವಾಸಿಯಾಗಿ ಎರಡು ವಾರ ಕಳೆದರೂ ಮಲದಲ್ಲಿ ವೈರಸ್ ಇರಬಹುದು. ‘ಹರಕೆ ಇದೆ, ಸೇವೆ ಬಿಡಲ್ಲ’ ಅನ್ನುವವರಿಗೆ ನನ್ನ ಕೈಮುಗಿದ ಕೋರಿಕೆ: ಆ ಎರಡು ದಿನ ಬೇರೆ ಸೇವೆ ಮಾಡಿ.

ಇನ್ನು ಓಆರ್‌ಎಸ್, ಅಂದರೆ ಭೇದಿಯಾದಾಗ ನೀರಿಗೆ ಕಲಸಿ ಕುಡಿಯುವ ಉಪ್ಪು-ಗ್ಲೂಕೋಸ್ ಪುಡಿ. ಇಡೀ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಸುವವರನ್ನು ನೋಡಿ ನೋಡಿ ಸಾಕಾಗಿದೆ. 20.5 ಗ್ರಾಂ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಕಡಿಮೆ ಅಲ್ಲ. ಉಪ್ಪು ಜಾಸ್ತಿಯಾದರೆ ತೊಂದರೆಯೂ ಜಾಸ್ತಿ. ಡಬ್ಬಿಯಲ್ಲಿ ಬರುವ ಸಿಹಿ ಜ್ಯೂಸ್ ಓಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಆ ಹೆಸರು ಹಾಕಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ವಾಂತಿ ಆಗುತ್ತಿದ್ದರೆ ಚಮಚ ಚಮಚವಾಗಿ ಕೊಡಿ.

ಭೇದಿ ಅಕ್ಕಿ ತೊಳೆದ ನೀರಿನಂತೆ ಹೋಗುತ್ತಿದ್ದರೆ, ರಕ್ತ ಕಂಡರೆ, ಆರು ಗಂಟೆ ಮೂತ್ರ ಬರದಿದ್ದರೆ ನಡಿಗೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕೆಟ್ಟ ನೀರು ಕುಡಿದು ವಾಂತಿಭೇದಿಯಿಂದ ಜನ ಸತ್ತದ್ದನ್ನು ನಾವು ಇಷ್ಟು ಬೇಗ ಮರೆಯಬಾರದು.

ಬಟ್ಟಿ (ಹೊಕ್ಕುಳು) ಸರಿದಿದೆ ಅಂತ ಒಬ್ಬರು ಹೊಟ್ಟೆ ತಿಕ್ಕಿದರು. ಇನ್ನೊಮ್ಮೆ ತಿಕ್ಕಿಸಬಹುದಾ?

ಬೇಡ. ಹೀಗೆ ಊರೆಲ್ಲ ಸುತ್ತಿ, ನಾಡಿ ಸಿಗದ ಸ್ಥಿತಿಯಲ್ಲಿ ನನ್ನ ಹತ್ತಿರ ಬಂದವರಿದ್ದಾರೆ. ತಿಕ್ಕುವವರು ಕಾಸಿನ ಜೊತೆ ನಿಮ್ಮ ಸಮಯವನ್ನೂ ತಿನ್ನುತ್ತಾರೆ.

ಹೊರಡುವ ಮೊದಲೇ ಆಂಟಿಬಯಾಟಿಕ್ ನುಂಗಿದರೆ?

ವೈರಸ್‌ಗೆ ಅದು ಕೆಲಸ ಮಾಡುವುದಿಲ್ಲ. ನುಂಗಬೇಡಿ.

ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಕುಡಿದರೆ ನಿಲ್ಲುತ್ತದಂತೆ?

ನಿಲ್ಲುವುದಿಲ್ಲ.

ಕುಮಾರ ಪರ್ವತ ಚಾರಣಕ್ಕೆ ಹೋಗುತ್ತಿದ್ದೇವೆ. ಹಳ್ಳದ ನೀರು ಕನ್ನಡಿಯಂತಿದೆ ಅಂತಾರೆ.

ಕನ್ನಡಿಯಂತಿದ್ದರೂ ಕುದಿಸಿ.

ತಂದೆಗೆ ಸಕ್ಕರೆ ಕಾಯಿಲೆ. ಭೇದಿ ಆದರೆ ಓಆರ್‌ಎಸ್ ಕೊಡಬಹುದಾ?

ಕೊಡಿ, ಹೆದರಬೇಡಿ. ಒಂದು ಲೀಟರಿನಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಅಷ್ಟೇ. ಮೈಯಲ್ಲಿ ನೀರು ಕಡಿಮೆಯಾಗುವುದೇ ಅವರಿಗೆ ದೊಡ್ಡ ಅಪಾಯ. ಆದರೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಬಿಪಿ ಮಾತ್ರೆಗಳನ್ನು ಆ ದಿನ ಕೊಡಬೇಕೋ ಬೇಡವೋ ಅಂತ ಅವರ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ ಕೇಳಿ. ಬೆಳಿಗ್ಗೆ ನೋಡೋಣ ಅಂತ ಕಾಯಬೇಡಿ.