ಪಲ್ಪರ್ ಸದ್ದಿನಲ್ಲಿ ಮಾತೆಲ್ಲ ಜಗಳದ ಹಾಗೆ ಯಾಕೆ ಕೇಳುತ್ತೆ?

ಸಕಲೇಶಪುರದ ಅಣ್ಣನ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ. ಅವರ ಪಲ್ಪರ್ ಮನೆಯಲ್ಲಿ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ ಇರುವ ಜಾಗ) ಈ ಸಲ ಅಸ್ಸಾಂ ಕಡೆಯ ಹುಡುಗರಿದ್ದಾರೆ. ಮೆಷಿನ್ ಓಡುವಾಗ ಹೇಳಿದ್ದೊಂದು, ಅವರು ಮಾಡಿದ್ದೊಂದು. ಅವರು ತಿರುಗಿ ಮಾತಾಡಿದರೆ ಬೈದ ಹಾಗೆ ಕೇಳುತ್ತೆ. ತೋಟದ ಕೆಲಸ ನೋಡಿಕೊಳ್ಳುವ ರೈಟ್ರಿಗೂ ಅವರಿಗೂ ದಿನಾ ಕಿರಿಕಿರಿ. ಇದು ಭಾಷೆಯ ತೊಂದರೆಯಾ, ಸ್ವಭಾವವೇ ಹಾಗಾ ಅಂತ ಕೇಳಿದ್ದಾರೆ. ಆ ಪ್ರಶ್ನೆಯ ಕೆಳಗೆ ಒಂದಿಬ್ಬರು "ಆ ಕಡೆಯವರೇ ಒರಟು" ಅಂತ ಬರೆದಿದ್ದೀರಿ. ಅದನ್ನು ನಾನು ಒಪ್ಪಲ್ಲ. ಮುಕ್ಕಾಲು ಪಾಲು ತಪ್ಪು ಮೆಷಿನ್ ಸದ್ದಿನದು.

ಸುತ್ತ ಸದ್ದು ಜಾಸ್ತಿಯಾದರೆ ಯಾರೇ ಆಗಲಿ, ಗೊತ್ತಿಲ್ಲದೇ ದನಿ ಎತ್ತುತ್ತಾರೆ. ಎಟಿಯೆನ್ ಲೊಂಬಾರ್ ಅನ್ನುವ ಫ್ರಾನ್ಸಿನ ಕಿವಿ ಡಾಕ್ಟರು 1911ರಲ್ಲೇ ಇದರ ಬಗ್ಗೆ ಬರೆದರು. ಕಿವುಡು ಅಂತ ಸುಳ್ಳು ಹೇಳುವವರನ್ನು ಪತ್ತೆ ಮಾಡೋಕೂ ಇದು ಉಪಯೋಗಕ್ಕೆ ಬಂತು. ಏನಾದರೂ ಓದುತ್ತಿರುವಾಗ ಕಿವಿಗೆ ಸದ್ದು ಬಿಡುವುದು. ದನಿ ಏರಿದರೆ ಕಿವಿ ಕೇಳುತ್ತಿದೆ ಅಂತಲೇ ಲೆಕ್ಕ. ಆಮೇಲೆ ಇಂಗ್ಲಿಷ್, ಸ್ಪ್ಯಾನಿಷ್, ಜಪಾನಿ, ಚೀನಿ ಮಾತಾಡುವವರಲ್ಲೂ ಇದೇ ಕಂಡಿದೆ. ಬರ್ಲಿನ್ನಿನ ನೈಟಿಂಗೇಲ್ ಹಕ್ಕಿಗಳೂ ವಾಹನದ ಸದ್ದಿರುವ ಜಾಗದಲ್ಲಿ ಜೋರಾಗಿ ಹಾಡುತ್ತವೆ.

ದನಿ ಬರೀ ಜೋರಾಗುವುದಿಲ್ಲ. ಶ್ರುತಿ ಮೇಲೇರುತ್ತೆ, ಸ್ವರಗಳು ಉದ್ದವಾಗುತ್ತವೆ, ಬಾಯಿ ಅಗಲವಾಗುತ್ತೆ, ದನಿ ಚೂಪಾಗುತ್ತೆ. ಸಿಟ್ಟು ಬಂದವರ ದನಿಯೂ ಹೀಗೇ ಇರುತ್ತೆ ಅಲ್ವಾ? ನಿಮ್ಮ ಹುಡುಗ "ಹಣ್ಣು ಮುಗೀತು" ಅಂತ ಸುಮ್ನೆ ಹೇಳಿದ್ದು ರೈಟ್ರ ಕಿವಿಗೆ ಎದುರುತ್ತರವಾಗಿ ಬೀಳುತ್ತೆ. ರೈಟ್ರು ಕೂಗಿದ್ದೂ ಅವನಿಗೆ ಹಾಗೇ. ಭಾಷೆ ಗೊತ್ತಿದ್ದರೆ ಮಾತಿನ ಅರ್ಥ ನೋಡಿ ಸಮಾಧಾನ ಆಗಬಹುದು. ಗೊತ್ತಿಲ್ಲದವರಿಗೆ ದನಿಯೊಂದೇ ಸಿಗೋದು. ಊರು ಬಿಟ್ಟು ಅಷ್ಟು ದೂರ ಬಂದ ಹುಡುಗರಿಗೆ ಇಡೀ ದಿನ ಬೈಸಿಕೊಂಡ ಹಾಗೆ ಅನಿಸಿದರೆ ಅವರು ಮುಂದಿನ ವರ್ಷ ಯಾಕೆ ಬರ್ತಾರೆ?

ಇನ್ನೊಂದು ವಿಷಯ. ಎಷ್ಟು ಕಿರುಚಿದರೂ ದನಿ ಸದ್ದಿನ ಸಮಕ್ಕೆ ಬರಲ್ಲ. ಸದ್ದು 10 ಡೆಸಿಬಲ್ (ಸದ್ದಿನ ಅಳತೆ) ಏರಿದರೆ ನಮ್ಮ ದನಿ ಸುಮಾರು 3ರಿಂದ 6 ಡೆಸಿಬಲ್ ಅಷ್ಟೇ ಏರುತ್ತೆ. ಬಯಲಲ್ಲಿ ದೂರವನ್ನು ಅರ್ಧ ಮಾಡಿದರೆ ಸುಮ್ಮನೆ 6 ಡೆಸಿಬಲ್ ಸಿಗುತ್ತೆ. ಅಂದ್ರೆ ನಾಲ್ಕು ಹೆಜ್ಜೆ ಹತ್ತಿರ ಹೋಗುವುದು ಕಿರುಚುವುದಕ್ಕಿಂತ ಮೇಲು.

ಕೂಗಿದಾಗ ಬಲ ಬರುವುದು ಆ, ಊ, ಓಗಳಿಗೆ. ಗುಡ್ಡದ ಆಚೆಗೆ ನಾವು "ಕೂ" ಹಾಕುವುದೂ ಅದಕ್ಕೇ. ಆದರೆ ಹ, ಸ, ತ, ಪ ಮೆತ್ತಗಿನ ಸದ್ದುಗಳು, ಮೊದಲು ಮುಳುಗಿ ಹೋಗುವುದೇ ಅವು. ಹಣ್ಣು ಸುರಿಯುವ ಹಾಪರ್ ಹತ್ತಿರ ನಿಂತು "ಸಾಕು" ಅಂತ ಕೂಗಿ ನೋಡಿ. ಆಚೆ ನಿಂತವನಿಗೆ ಕೇಳುವುದು "ಆಕು". ಅದು "ಹಾಕು" ಕೂಡ ಆಗಬಹುದು! ನಮ್ಮವರು ಸಂದರ್ಭ ನೋಡಿ ತುಂಬಿಕೊಳ್ಳುತ್ತಾರೆ. ಕನ್ನಡ ಈಗಷ್ಟೇ ಕಲಿಯುತ್ತಿರುವವನು ಇನ್ನೊಂದು ಬುಟ್ಟಿ ಹಣ್ಣು ಸುರಿಯುತ್ತಾನೆ. ಆಮೇಲೆ "ಹೇಳಿದ್ದು ಕೇಳಲ್ಲ" ಅನ್ನುವ ಮಾತು. ತಡವಾಗಿ ಕಲಿತ ಭಾಷೆಯನ್ನು ಗದ್ದಲದಲ್ಲಿ ಕೇಳುವುದು ಹುಟ್ಟಿನಿಂದ ಬಂದ ಭಾಷೆಗಿಂತ ಕಷ್ಟ. ಸದ್ದಿಲ್ಲದ ಜಾಗದಲ್ಲಿ ಚೆನ್ನಾಗಿ ಅರ್ಥ ಮಾಡಿಕೊಳ್ಳುವವರೂ ಮೆಷಿನ್ ಪಕ್ಕದಲ್ಲಿ ಎಡವುತ್ತಾರೆ.

ಹಾಗಾಗಿ ಮೊದಲು ಮಾತು ಬದಲಾಯಿಸಿ. ಹಾಕು, ಸಾಕು ಎರಡನ್ನೂ ಪಲ್ಪರ್ ಮನೆಯಿಂದ ಆಚೆ ಇಡಿ. "ಬಂದ್" ಮತ್ತು "ಚಾಲು" ಸಾಕು, ಹಿಂದಿ ಬರುವ ಹುಡುಗರಿಗೂ ಗೊತ್ತಿರುತ್ತೆ, ಒಂದನ್ನು ಇನ್ನೊಂದು ಅಂತ ಕೇಳಿಸಿಕೊಳ್ಳುವುದೂ ಕಷ್ಟ. ಜೊತೆಗೆ ಕೈಸನ್ನೆ ಇರಲಿ. ಎರಡೂ ಕೈ ಮೇಲೆತ್ತಿ ಅಡ್ಡ ಹಿಡಿದರೆ ಬಂದ್, ಯಾರು ತೋರಿಸಿದರೂ ತಕ್ಷಣ ನಿಲ್ಲಿಸಬೇಕು. ಬೆಲ್ಟಿಗೆ ಟವಲ್ ಸಿಕ್ಕಿಕೊಂಡಾಗ ಮಾತು ಹುಡುಕುತ್ತಾ ನಿಲ್ಲೋಕಾಗಲ್ಲ. ಬೆಳಗ್ಗೆ ಮೆಷಿನ್ ಹಾಕುವ ಮೊದಲೇ ದಿನದ ಕೆಲಸ ಹೇಳಿ, ಅವರ ಬಾಯಲ್ಲೇ ತಿರುಗಿ ಹೇಳಿಸಿ. ನಡುವೆ ಉದ್ದ ವಿಷಯ ಬಂದರೆ ಮೆಷಿನ್ ನಿಲ್ಲಿಸಿ, ಇಲ್ಲಾ ಕಣದ ಕಡೆ ಕರೆದುಕೊಂಡು ಹೋಗಿ. ಮಾತಾಡುವಾಗ ಮುಖ ಕಾಣಲಿ, ತುಟಿ ನೋಡಿದರೆ ಅರ್ಧ ಗೊತ್ತಾಗುತ್ತೆ. ಬಾಯಿಗೆ ಟವಲ್ ಸುತ್ತಿಕೊಂಡು ಹೇಳಿದರೆ ಅದೂ ಹೋಯಿತು.

ಕಿವಿಗೆ ರಕ್ಷಣೆ ಬೇಕಾ ಅಂತ ಮೂಡಿಗೆರೆಯವರೊಬ್ಬರು ಕೇಳಿದ್ದಾರೆ. ಒಂದು ತೋಳಿನಷ್ಟು ದೂರದಲ್ಲಿರುವವರಿಗೆ ದನಿ ಎತ್ತಿ ಹೇಳಬೇಕಾಗಿ ಬಂದರೆ ಸದ್ದು 85 ಡೆಸಿಬಲ್ ದಾಟಿರುತ್ತೆ ಅನ್ನುವ ಅಂದಾಜಿದೆ. ದಿನವಿಡೀ ಅಲ್ಲಿದ್ದರೆ ಕಿವಿ ಹಾಳಾಗುತ್ತೆ, ಹೋದ ಕಿವಿ ವಾಪಸ್ ಬರಲ್ಲ. ವೀಡ್ ಕಟ್ಟರ್, ಮರಗಸಿಯ (ನೆರಳಿನ ಮರದ ಕೊಂಬೆ ಕಡಿಯುವ) ಚೈನ್ ಸಾ ಅದಕ್ಕಿಂತ ಜೋರು. ಇಯರ್ ಪ್ಲಗ್ ಖಂಡಿತ ಕೊಡಿ. ಆದರೆ ಒಂದು ನೆನಪಿರಲಿ. ಪ್ಲಗ್ ಹಾಕಿದವರಿಗೆ ಸುತ್ತಲಿನ ಸದ್ದು ಕಡಿಮೆ, ಸ್ವಂತ ದನಿ ತಲೆಯೊಳಗೆ ದೊಡ್ಡದಾಗಿ ಕೇಳುತ್ತೆ. ಹಾಗಾಗಿ ಅವರು ಗದ್ದಲದಲ್ಲೂ ಮೆಲ್ಲಗೆ ಮಾತಾಡುತ್ತಾರೆ. ಅವನಿಗೆ ಸೊಕ್ಕು, ಗೊಣಗ್ತಾನೆ ಅನ್ನಬೇಡಿ. ಪ್ಲಗ್ ಹಾಕಿದಾಗ ಬೇಕಂತಲೇ ಜೋರಾಗಿ ಹೇಳು ಅಂತ ಮೊದಲೇ ತಿಳಿಸಿ. ಇದನ್ನು ರೈಟ್ರಿಗೂ ಹೇಳಿ.

ಅಣ್ಣಾ, ನಿಮ್ಮದು ಡೀಸೆಲ್ ಎಂಜಿನ್ನಾ, ಕರೆಂಟ್ ಮೋಟರಾ? ಎಂಜಿನ್ ಆದರೆ ಹೊಗೆ ಪೈಪು ಯಾವ ಕಡೆ ಮುಖ ಮಾಡಿದೆ ಅಂತ ಒಂದು ಫೋಟೋ ಹಾಕಿ. ಶೀಟಿನ ಗೋಡೆಗೆ ಎದುರಾಗಿದ್ದರೆ ಅದನ್ನು ಹೊರಗೆ ತಿರುಗಿಸುವುದೇ ಮೊದಲ ಕೆಲಸ.