ರಿಸರ್ಚ್ ಮಾಡೋದು ಪ್ರೊಫೆಸರ್, ಮತ್ತೆ ಕಚೇರಿ ಸಿಬ್ಬಂದಿಗೆ ಗ್ರಾಂಟ್ (ಸಂಶೋಧನಾ ಅನುದಾನ) ನಿಭಾಯಿಸುವ ತರಬೇತಿ ಯಾಕೆ?

ಯಾಕೆಂದರೆ ಲೆಕ್ಕ ಒಪ್ಪಿಸಬೇಕಾದದ್ದು ಸಂಸ್ಥೆ. ಯೋಜನೆ ಪ್ರೊಫೆಸರ್ ಹೆಸರಲ್ಲಿದ್ದರೂ ಹಣ ಸಾಮಾನ್ಯವಾಗಿ ಬರುವುದು ಸಂಸ್ಥೆಯ ಖಾತೆಗೆ.

ಕೇಂದ್ರ ಸರ್ಕಾರದ ಅನುದಾನವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಬಳಕೆ ಪ್ರಮಾಣಪತ್ರ ಕೊಡಬೇಕು. ಅಂದರೆ, ಕೊಟ್ಟ ಹಣ ಕೊಟ್ಟ ಉದ್ದೇಶಕ್ಕೇ ಖರ್ಚಾಗಿದೆ ಎಂಬ ಲಿಖಿತ ಮಾತು. ನಮೂನೆ 12-ಎ. ಅದಕ್ಕೆ ಹಣಕಾಸು ವಿಭಾಗದ ಮುಖ್ಯಸ್ಥರು, ಸಂಸ್ಥೆಯ ಮುಖ್ಯಸ್ಥರು ಇಬ್ಬರೂ ಸಹಿ ಹಾಕಬೇಕು. ಅದು ತಡವಾದರೆ ಮುಂದಿನ ಕಂತೂ ತಡ. ಆಗ ಮೊದಲು ಕಷ್ಟಕ್ಕೆ ಬೀಳುವುದು ಫೆಲೋಶಿಪ್ ನಂಬಿಕೊಂಡ ವಿದ್ಯಾರ್ಥಿಗಳು. ನನಗೆ ತುಂಬ ಬೇಜಾರಾಗುವುದು ಇದೇ.

ಒಂದು ಉದಾಹರಣೆ ನೋಡಿ. ಮಂಗಳೂರಿನ ಸಂಶೋಧಕರೊಬ್ಬರು ಸಮುದ್ರದ ನೀರಿನ ಸ್ಯಾಂಪಲ್ ತರಲು ದಕ್ಕೆಯಿಂದ (ಬೋಟುಗಳು ನಿಲ್ಲುವ ಕಟ್ಟೆ) ಬೋಟ್ ಬಾಡಿಗೆಗೆ ಹಿಡಿಯುತ್ತಾರೆ. ಕೈಗೆ ಸಿಗುವುದು ಬಿಳಿ ಹಾಳೆಯಲ್ಲಿ ಬರೆದ ಚೀಟಿ. ಇದು ಪ್ರಯಾಣದ ಲೆಕ್ಕಕ್ಕೋ, ಇತರೆ ಖರ್ಚಿಗೋ? ಚೀಟಿಯ ಜೊತೆ ಏನು ಲಗತ್ತಿಸಬೇಕು? ತರಬೇತಿ ಆದ ಗುಮಾಸ್ತರು ಅನುದಾನದ ಷರತ್ತುಗಳಿರುವ ಮಂಜೂರಾತಿ ಪತ್ರ ತೆಗೆದು ಅವತ್ತೇ ಹೇಳುತ್ತಾರೆ. ಇಲ್ಲದಿದ್ದರೆ ಆಡಿಟ್ ಬಂದಾಗ ಬೋಟಿನವರನ್ನು ಹುಡುಕಿಕೊಂಡು ಹೋಗಬೇಕು, ಅದೂ ಮಳೆಗಾಲದಲ್ಲಿ!

ಉಪಕರಣಕ್ಕೆಂದು ಬಂದ ಹಣವನ್ನು ಅನುಮತಿ ಇಲ್ಲದೆ ಸಂಬಳಕ್ಕೆ ತಿರುಗಿಸುವಂತಿಲ್ಲ. ಅನುದಾನಕ್ಕೆ ಬಂದ ಬ್ಯಾಂಕ್ ಬಡ್ಡಿಯೂ ಸಂಸ್ಥೆಯದ್ದಲ್ಲ, ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಇದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಸುಮ್ನೆ ಒಂದು ದಿನದ ಭಾಷಣ ಸಾಲದು. ಹಳೇ ಫೈಲ್ ಒಂದನ್ನು ಮುಂದಿಟ್ಟು, ಸಿಬ್ಬಂದಿಯ ಕೈಯಲ್ಲೇ ಬಳಕೆ ಪ್ರಮಾಣಪತ್ರದ ನಮೂನೆ ತುಂಬಿಸಬೇಕು.