ಕೇಳದೆ ಬಿಟ್ಟ ಪ್ರಶ್ನೆ

‘ನನಗೆ ರೋಗಿ ಎಂದರೆ ರೋಗಿ, ಅಷ್ಟೇ. ಅವರು ಯಾರ ಜೊತೆ ಬಾಳುತ್ತಾರೆ ಎನ್ನುವುದು ನನಗೇಕೆ? ಲೈಂಗಿಕ ಅಲ್ಪಸಂಖ್ಯಾತರ ಬಗ್ಗೆ ವೈದ್ಯ ವಿದ್ಯಾರ್ಥಿಗಳಿಗೆ ಬೇರೆ ಪಾಠ ಬೇಕೆಂದು ಬರೆದು ನಮ್ಮನ್ನೆಲ್ಲ ಅನುಮಾನಿಸಿದ್ದೀರಿ. ನಮ್ಮ ಬ್ಯಾಚಿನಲ್ಲಂತೂ ಅಂಥವರು ಯಾರೂ ಇಲ್ಲ’ ಎಂದು ಬರೆದಿದ್ದೀರಿ. ಹೌಸ್ ಸರ್ಜನ್ ಡ್ಯೂಟಿ ಮುಗಿಸಿ, ನಿದ್ದೆಗೆಟ್ಟು ಬರೆದ ಪತ್ರ, ಸಿಟ್ಟು ಅರ್ಥವಾಗುತ್ತದೆ. ನಮ್ಮ ಲೇಖನ ಕೊಂಚ ಉಪದೇಶದ ಕಡೆ ವಾಲಿದ್ದೂ ಹೌದು. ಆದರೆ ‘ನನಗೇಕೆ’ ಎಂಬ ಮಾತನ್ನು ಮಾತ್ರ ಒಪ್ಪಲಾರೆ.

ಟ್ರಾನ್ಸ್ ಪುರುಷರೊಬ್ಬರು, ಅಂದರೆ ಹುಟ್ಟಿದಾಗ ಹೆಣ್ಣೆಂದು ಗುರುತಿಸಲ್ಪಟ್ಟು ಗಂಡಾಗಿ ಬಾಳುವವರು, ಹೊಟ್ಟೆನೋವೆಂದು ಬಂದರು ಅನ್ನಿ. ಗಡ್ಡವಿದೆ, ಚೀಟಿಯಲ್ಲಿ ‘ಗಂಡು’ ಎಂದಿದೆ. ಶಸ್ತ್ರಚಿಕಿತ್ಸೆ ಆಗಿಲ್ಲದಿದ್ದರೆ ಗರ್ಭಕೋಶವೂ ಇದೆ. ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನ್‌ ತೆಗೆದುಕೊಂಡು ಮುಟ್ಟು ನಿಂತಿದ್ದರೂ ಬಸಿರಾಗುವ ಸಾಧ್ಯತೆ ಪೂರ್ತಿ ಹೋಗಿರುವುದಿಲ್ಲ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ತಪ್ಪುವುದಿಲ್ಲ. ಟ್ರಾನ್ಸ್ ಮಹಿಳೆಗೆ ಶಸ್ತ್ರಚಿಕಿತ್ಸೆಯಾದ ಮೇಲೂ ಗಂಡು ದೇಹದ ಪ್ರಾಸ್ಟೇಟ್ ಗ್ರಂಥಿ ಸಾಮಾನ್ಯವಾಗಿ ಉಳಿದಿರುತ್ತದೆ. ಎಲ್ಲರೂ ಒಂದೇ ಎಂದು ನೀವು ಕೇಳದೆ ಬಿಟ್ಟ ಪ್ರಶ್ನೆಯಲ್ಲೇ ಕಾಯಿಲೆ ಕುಳಿತಿರಬಹುದು. ಹಾಗೆಂದು, ಕೈ ಮುರಿದುಕೊಂಡು ಬಂದವರನ್ನು ‘ಆಪರೇಷನ್ ಆಗಿದೆಯಾ?’ ಎಂದು ಕೇಳಿದರೆ ಅದು ವೈದ್ಯಕೀಯವಲ್ಲ, ಬರೀ ಕುತೂಹಲ.

ಅನುಮಾನದ ಮಾತು ಎತ್ತಿದ್ದೀರಿ. ಅಮೆರಿಕದಲ್ಲಿ, ಸಲಿಂಗಿಗಳಲ್ಲದ 4,441 ಮೊದಲ ವರ್ಷದ ವೈದ್ಯ ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಪೂರ್ವಗ್ರಹದ ಪೂರ್ತಿ ಮಾಹಿತಿ ಸಿಕ್ಕವರ ಪೈಕಿ, ಸಲಿಂಗಿಗಳ ಬಗ್ಗೆ ಒಂದಿಷ್ಟಾದರೂ ಪೂರ್ವಗ್ರಹವನ್ನು ತಾವಾಗಿ ತೋರಿಸಿಕೊಂಡವರು ಶೇ. 46ರಷ್ಟು. ತಮಗೇ ಅರಿವಿಲ್ಲದ ಪೂರ್ವಗ್ರಹವನ್ನು ಅಳೆದಾಗ ಆ ಸಂಖ್ಯೆ ಶೇ. 81 ದಾಟಿತು. ಇವರೆಲ್ಲ ಕೆಟ್ಟವರು ಎಂದಲ್ಲ.

ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬ ಆಸ್ಪತ್ರೆ ಸೇರಿದಾಗ ನಾನೂ ಜೊತೆಗಿದ್ದೆ. ಕೇಸ್ ಶೀಟ್ ಬರೆಯಲು ಬಂದ ಹುಡುಗ ಬಹಳ ಸಭ್ಯ. ಪಕ್ಕದಲ್ಲಿದ್ದವನನ್ನು ತೋರಿಸಿ, ‘ಇವರು ತಮ್ಮನಾ?’ ಎಂದ. ‘ಸಂಗಾತಿ’ ಎಂದ ಗೆಳೆಯ. ಪೆನ್ನು ಗಕ್ಕನೆ ನಿಂತಿತು. ‘ಸಂಬಂಧ’ ಎಂಬಲ್ಲಿ ‘ಸ್ನೇಹಿತ’ ಎಂದು ಬರೆದುಕೊಂಡು, ಮುಂದಿನ ಪ್ರಶ್ನೆಗಳನ್ನೆಲ್ಲ ನನಗೆ ಕೇಳತೊಡಗಿದ! ಮರುದಿನ ರೌಂಡ್ಸ್‌ನಲ್ಲಿ ಹಿರಿಯ ವೈದ್ಯರು ಆ ಶೀಟ್ ನೋಡಿ, ಇಬ್ಬರನ್ನೂ ನೋಡಿ, ತುಟಿಯಂಚಿನಲ್ಲಿ ನಕ್ಕರು. ಹಿಂದೆ ನಿಂತಿದ್ದ ಆರೇಳು ವಿದ್ಯಾರ್ಥಿಗಳೂ ನಕ್ಕರು. ಪಾಠವೆಂದರೆ ನನಗೆ ಮೊದಲು ನೆನಪಾಗುವುದು ಆ ನಗು. ಕ್ಲಾಸಿನಲ್ಲಿ ಯಾರೂ ಹೇಳಿಕೊಡದೆ ಕಲಿತದ್ದು. ತಾನು ದಿನಾ ನುಂಗುತ್ತಿದ್ದ ಒಂದು ಮಾತ್ರೆಯ ಹೆಸರನ್ನು ಗೆಳೆಯ ಅಲ್ಲಿಂದ ಬಿಡುಗಡೆಯಾಗುವವರೆಗೂ ಯಾರಿಗೂ ಹೇಳಲಿಲ್ಲ.

ಇನ್ನು ನಿಮ್ಮ ಬ್ಯಾಚಿನ ವಿಷಯ. 1972ರಲ್ಲಿ ಅಮೆರಿಕದ ಮನೋವೈದ್ಯರ ಸಮ್ಮೇಳನದಲ್ಲಿ ಒಬ್ಬರು ಮುಖವಾಡ ತೊಟ್ಟು, ದನಿ ಬದಲಿಸುವ ಮೈಕ್ ಹಿಡಿದು, ‘ನಾನು ಸಲಿಂಗಿ, ನಾನೂ ಮನೋವೈದ್ಯ’ ಎಂದರು. ಸಲಿಂಗಾಕರ್ಷಣೆ ಆಗಿನ್ನೂ ಅವರದೇ ಸಂಘದ ರೋಗಪಟ್ಟಿಯಲ್ಲಿತ್ತು. ಅದನ್ನು ಕೈಬಿಟ್ಟದ್ದು ಮರುವರ್ಷ. ಮುಖವಾಡದ ಹಿಂದಿದ್ದ ಡಾ. ಜಾನ್ ಫ್ರಯರ್ ಅದು ತಾನೇ ಎಂದು ಬಹಿರಂಗವಾಗಿ ಒಪ್ಪಿಕೊಳ್ಳಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ನಿಮ್ಮ ಬ್ಯಾಚಿನಲ್ಲಿ ಯಾರೂ ಇಲ್ಲ ಎನ್ನುವ ಬದಲು, ಯಾರೂ ನಿಮಗೆ ಹೇಳಿಲ್ಲ ಎನ್ನಿ.

– ಸಂಪಾದಕ